ಸವೆಯುವವರು ಯಾರು, ಗೆಲ್ಲುವವರು ಯಾರು?

2005ರ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಕಾರ್ ರೇಸು ನಡೆಯಿತು. ಅದನ್ನು ರೇಸು ಎಂದು ಕರೆಯಬಹುದೇ ಎಂಬ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ. ಫಾರ್ಮುಲಾ ಒನ್‌ನ ಇಪ್ಪತ್ತು ಕಾರುಗಳು ಸಾಲಾಗಿ ಹೊರಟು, ಟೈರು ಬಿಸಿ ಮಾಡಿಕೊಳ್ಳುವ ಒಂದು ಸುತ್ತು ಮುಗಿಸಿದವು. ಆರಂಭದ ಗೆರೆಗೆ ಬಂದು ನಿಲ್ಲುವ ಮೊದಲೇ ಅವುಗಳಲ್ಲಿ ಹದಿನಾಲ್ಕು ಕಾರುಗಳು ಒಂದರ ಹಿಂದೊಂದರಂತೆ ತಮ್ಮ ತಮ್ಮ ಗ್ಯಾರೇಜುಗಳ ಕಡೆ ತಿರುಗಿಕೊಂಡವು. ಉಳಿದದ್ದು ಆರೇ ಆರು ಕಾರು. ಆ ಆರು ಕಾರುಗಳೇ 73 ಸುತ್ತು ಓಡಿದವು. ಟಿಕೆಟ್ಟಿಗೆ ದುಡ್ಡು ಸುರಿದು ಬಂದಿದ್ದ ಸಾವಿರಾರು ಜನ ಕೂಗಿದರು, ಬಾಟಲಿ ಎಸೆದರು, ಎದ್ದುಹೋದರು. ಮೈಕೆಲ್ ಶೂಮಾಕರ್ ಮೊದಲು ಬಂದರು, ಬ್ಯಾರಿಕೆಲ್ಲೊ ಎರಡನೆಯವರು, ಜೋರ್ಡನ್ ತಂಡದ ಪೋರ್ಚುಗೀಸ್ ಚಾಲಕ ಟಿಯಾಗೊ ಮೊಂಟೈರೊ ಮೂರನೆಯವರು. ನಾಲ್ಕನೆಯವರಾಗಿ ಬಂದದ್ದು ಅದೇ ತಂಡದ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್. ಅವರಿಗೆ ಐದು ಅಂಕ ಸಿಕ್ಕಿತು. ಭಾರತೀಯನೊಬ್ಬ ಫಾರ್ಮುಲಾ ಒನ್‌ನಲ್ಲಿ ಗಳಿಸಿದ ಮೊದಲ ಅಂಕಗಳು ಅವು. ಅವರ ಇಡೀ ವೃತ್ತಿಯ ಒಟ್ಟು ಗಳಿಕೆಯೂ ಆ ಐದೇ.

ಆ ಐದು ಅಂಕ ನಿಜಕ್ಕೂ ಯಾರದು? ಕಾರ್ತಿಕೇಯನ್ ಯಾರಿಗೂ ಮೋಸ ಮಾಡಲಿಲ್ಲ. ಹೊರಡಬೇಕಾದ ಹೊತ್ತಿಗೆ ಹೊರಟರು, ಓಡಿಸಬೇಕಾದಷ್ಟು ಸುತ್ತು ಓಡಿಸಿದರು, ತಮ್ಮ ಹಿಂದಿದ್ದ ಇಬ್ಬರನ್ನು ಹಿಂದೆಯೇ ಇಟ್ಟರು. ಆದರೆ ಉಳಿದ ಹದಿನಾಲ್ವರು ಓಡಿದ್ದರೆ ಅವರು ನಾಲ್ಕನೆಯವರಾಗುತ್ತಿದ್ದರೆಂದು ಅವರ ಅಭಿಮಾನಿಗಳೂ ಹೇಳಲಾರರು. ಅವರ ಕಾರಿಗೆ ಜಪಾನಿನ ಬ್ರಿಜ್‌ಸ್ಟೋನ್ ಟೈರಿತ್ತು, ಹೊರಗುಳಿದವರ ಕಾರಿಗೆ ಫ್ರಾನ್ಸಿನ ಮಿಶೆಲಿನ್ ಟೈರಿತ್ತು. ವ್ಯತ್ಯಾಸ ಇಷ್ಟೇ. ಯಾವ ಟೈರು ಹಾಕಬೇಕೆಂದು ನಿರ್ಧರಿಸಿದವರು ತಂಡದ ಮಾಲೀಕರು, ಚಾಲಕರಲ್ಲ. ಹಾಗಾದರೆ ಒಬ್ಬನ ಗೆಲುವಿನಲ್ಲಿ ಅವನ ಪಾಲು ಎಷ್ಟು, ಅವನ ಕೈಯಲ್ಲಿಲ್ಲದ ಸಂಗತಿಗಳ ಪಾಲು ಎಷ್ಟು? ಪ್ರಶ್ನೆ ಕಾರಿನ ರೇಸಿನದಾದರೂ ಉತ್ತರ ಹುಡುಕುತ್ತ ಹೋದರೆ ಅದು ನಮ್ಮ ಶಾಲೆ, ಕಚೇರಿ, ಕಾರ್ಖಾನೆಗಳವರೆಗೂ ಬಂದು ನಿಲ್ಲುತ್ತದೆ.

ಮೊದಲು ಅಂದು ಆದದ್ದೇನೆಂದು ನೋಡೋಣ. ರೇಸಿಗೆ ಎರಡು ದಿನ ಮೊದಲು, ಶುಕ್ರವಾರದ ಅಭ್ಯಾಸದಲ್ಲಿ, ರಾಲ್ಫ್ ಶೂಮಾಕರ್ ಓಡಿಸುತ್ತಿದ್ದ ಟೊಯೋಟಾ ಕಾರಿನ ಹಿಂದಿನ ಎಡ ಟೈರು ಹದಿಮೂರನೆಯ ತಿರುವಿನಲ್ಲಿ ಕೈಕೊಟ್ಟಿತು. ಆ ತಿರುವು ಬಾಣಲೆಯ ಅಂಚಿನಂತೆ ಓರೆಯಾಗಿದೆ. ಕಾರು ಅಲ್ಲಿ ಪೂರ್ತಿ ವೇಗದಲ್ಲಿ ಸಾಗುತ್ತದೆ, ಅದರ ಭಾರವೆಲ್ಲ ಒಂದು ಪಕ್ಕದ ಟೈರುಗಳ ಗೋಡೆಯ ಮೇಲೆ ಬೀಳುತ್ತದೆ. ಮಿಶೆಲಿನ್ ಕಂಪನಿ ತನ್ನ ಟೈರುಗಳನ್ನು ಪರಿಶೀಲಿಸಿ, ಆ ತಿರುವಿನಲ್ಲಿ ವೇಗ ತಗ್ಗಿಸದ ಹೊರತು ಇವು ಸುರಕ್ಷಿತವಲ್ಲ ಎಂದು ತನ್ನ ತಂಡಗಳಿಗೆ ಹೇಳಿಬಿಟ್ಟಿತು. ತಿರುವಿನ ಮುಂದೆ ಒಂದು ಅಂಕುಡೊಂಕು ದಾರಿ ನಿರ್ಮಿಸಿ ಎಲ್ಲರ ವೇಗವನ್ನೂ ತಗ್ಗಿಸೋಣ ಎಂದು ತಂಡಗಳು ಕೇಳಿದವು. ನಿಯಂತ್ರಣ ಸಂಸ್ಥೆಯಾದ ಎಫ್‌ಐಎ ಒಪ್ಪಲಿಲ್ಲ. ನಿಮ್ಮ ಟೈರು ಸರಿಯಿಲ್ಲದಿದ್ದರೆ ನೀವು ನಿಧಾನ ಹೋಗಿ, ಸರಿಯಾದ ಟೈರು ತಂದವರಿಗೆ ಯಾಕೆ ಶಿಕ್ಷೆ ಎಂಬುದು ಅದರ ವಾದ. ಫೆರಾರಿ ತಂಡ ಇದು ತನ್ನ ಸಮಸ್ಯೆಯಲ್ಲವೆಂದು ಪಕ್ಕಕ್ಕೆ ಸರಿದು ನಿಂತಿತು.

ಇಲ್ಲಿ ಯಾರನ್ನು ತಪ್ಪಿತಸ್ಥರೆನ್ನೋಣ? ಮಿಶೆಲಿನ್ ತನ್ನ ಸರಕು ಅಪಾಯಕಾರಿಯೆಂದು ತಾನೇ ಒಪ್ಪಿಕೊಂಡಿತು. ವ್ಯಾಪಾರದಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ. ಬಾಯಿ ಮುಚ್ಚಿಕೊಂಡಿದ್ದು ಚಾಲಕನೊಬ್ಬ ಸತ್ತಿದ್ದರೆ ಆ ಮೇಲೆ ವಕೀಲರು ನೋಡಿಕೊಳ್ಳುತ್ತಿದ್ದರು. ಎಫ್‌ಐಎ ಹೇಳಿದ್ದೂ ನ್ಯಾಯವೇ, ತಪ್ಪು ಮಾಡಿದವರಿಗಾಗಿ ಆಟದ ನಡುವೆ ನಿಯಮ ಬದಲಿಸಿದರೆ ನಿಯಮಕ್ಕೆ ಬೆಲೆಯೆಲ್ಲಿ? ತಂಡಗಳು ಚಾಲಕರ ಜೀವ ಪಣಕ್ಕಿಡಲಿಲ್ಲ, ಅದೂ ಸರಿ. ಒಬ್ಬೊಬ್ಬರನ್ನೇ ಕಟಕಟೆಗೆ ಕರೆದು ಕೇಳಿದರೆ ಎಲ್ಲರ ಬಳಿಯೂ ಉತ್ತರವಿದೆ. ಆದರೆ ಎಲ್ಲರ ಸರಿಗಳನ್ನು ಕೂಡಿಸಿದಾಗ ಮೈದಾನದ ಮಧ್ಯೆ ಒಂದು ದೊಡ್ಡ ತಪ್ಪು ಎದ್ದು ನಿಂತಿತು, ಮತ್ತು ಅದರ ಬೆಲೆ ತೆತ್ತವರು ಈ ನಿರ್ಧಾರಗಳಲ್ಲಿ ಯಾವ ಮಾತೂ ಇಲ್ಲದ ಪ್ರೇಕ್ಷಕರು. ಮಿಶೆಲಿನ್ ಆಮೇಲೆ ಟಿಕೆಟ್ಟಿನ ಹಣ ಹಿಂದಿರುಗಿಸಲು ಮುಂದಾಯಿತು, ಮರುವರ್ಷದ ರೇಸಿಗೆ ಇಪ್ಪತ್ತು ಸಾವಿರ ಟಿಕೆಟ್ಟು ತಾನೇ ಕೊಂಡಿತು. 2007ರ ನಂತರ ಇಂಡಿಯಾನಾಪೊಲಿಸ್‌ನಲ್ಲಿ ಫಾರ್ಮುಲಾ ಒನ್ ನಡೆದಿಲ್ಲ.

ಟೈರು ಎಂಬುದು ನೋಡಲು ಒಂದು ಕರಿಯ ಬಳೆ. ಆದರೆ ಕೋಟಿಗಟ್ಟಲೆ ಬೆಲೆಯ ಆ ಯಂತ್ರದಲ್ಲಿ ನೆಲವನ್ನು ಮುಟ್ಟುವುದು ಅದೊಂದೇ. ಎಂಜಿನ್ನಿನ ಶಕ್ತಿ, ಬ್ರೇಕಿನ ತಾಕತ್ತು, ಚಾಲಕನ ಜಾಣ್ಮೆ, ಎಲ್ಲವೂ ಕೊನೆಗೆ ನಾಲ್ಕು ತುಂಡು ರಬ್ಬರಿನ ಮೂಲಕವೇ ರಸ್ತೆಗೆ ಇಳಿಯಬೇಕು. ರಬ್ಬರು ವಿಚಿತ್ರ ಪದಾರ್ಥ. ತಣ್ಣಗಿದ್ದರೆ ಗಡುಸಾಗಿ ಜಾರುತ್ತದೆ. ನೀರು ಕುದಿಯುವ ಶಾಖದ ಆಸುಪಾಸಿಗೆ ಬಂದಾಗ ಮೆದುವಾಗಿ ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ಅದಕ್ಕಿಂತ ಕಾದರೆ ಮತ್ತೆ ಜಾರುತ್ತದೆ, ಒಳಗೆ ಗುಳ್ಳೆಯೇಳುತ್ತದೆ, ಮೈ ಹರಿದು ಸಣ್ಣ ಸಣ್ಣ ಸುರುಳಿಗಳಾಗುತ್ತದೆ. ಅದಕ್ಕೇ ಓಟಕ್ಕೆ ಮೊದಲು ಟೈರುಗಳಿಗೆ ವಿದ್ಯುತ್ ಕಂಬಳಿ ಹೊದಿಸಿ ಬಿಸಿ ಮಾಡುತ್ತಾರೆ. ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಓಡಿಸಿದರೆ ಅದು ಕದಡಿದ ಗಾಳಿಯಲ್ಲಿ ಹಿಂದಿನವನ ಕಾರು ನೆಲಕ್ಕೆ ಸರಿಯಾಗಿ ಒತ್ತಿಕೊಳ್ಳದೆ ಜಾರಿ ಜಾರಿ, ಅವನ ಟೈರು ಬೇಗ ಸುಟ್ಟುಹೋಗುತ್ತದೆ. ಹಿಂದೆ ಇರುವವನು ಬರೀ ಹಿಂದೆ ಇರುವ ಕಾರಣಕ್ಕೇ ಇನ್ನಷ್ಟು ಹಿಂದೆ ಬೀಳುತ್ತಾನೆ. ಬಡತನ ಬಲ್ಲವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ರಬ್ಬರಿಗೆ ಈ ಗುಣ ತಂದುಕೊಟ್ಟ ಮನುಷ್ಯನ ಕತೆಯೂ ಒಡೆತನದ ಕತೆಯೇ. ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕನ್ 1839ರಲ್ಲಿ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಅದು ಗಟ್ಟಿಯಾಗಿ ಬಾಳುತ್ತದೆಂದು ಕಂಡುಕೊಂಡ. ಸಾಲಕ್ಕಾಗಿ ಮತ್ತೆ ಮತ್ತೆ ಜೈಲು ಕಂಡ ಆತ 1860ರಲ್ಲಿ ಸಾಯುವಾಗಲೂ ಸಾಲಗಾರನೇ ಆಗಿದ್ದ. 1898ರಲ್ಲಿ ಅವನ ಹೆಸರಿಟ್ಟುಕೊಂಡು ಹುಟ್ಟಿದ ಟೈರು ಕಂಪನಿಗೆ ಅವನ ಕುಟುಂಬದೊಂದಿಗೆ ಯಾವ ಸಂಬಂಧವೂ ಇರಲಿಲ್ಲ. ಹೆಸರು ಅವನದು, ಹಣ ಇನ್ನೊಬ್ಬರದು.

ಇಂಡಿಯಾನಾಪೊಲಿಸ್ ನಡೆದ ಅದೇ 2005ರಲ್ಲಿ ಓಟದ ನಡುವೆ ಟೈರು ಬದಲಿಸಬಾರದೆಂಬ ನಿಯಮವಿತ್ತು. ಆ ವರ್ಷದ ಮೇ ತಿಂಗಳಲ್ಲಿ ಜರ್ಮನಿಯ ನುರ್ಬುರ್ಗ್‌ರಿಂಗ್‌ನಲ್ಲಿ ಕಿಮಿ ರೈಕೊನೆನ್ ಮುಂದಿದ್ದರು. ಬ್ರೇಕು ಹಾಕುವಾಗ ಗಾಲಿ ಕಚ್ಚಿಕೊಂಡು ಅವರ ಮುಂದಿನ ಟೈರೊಂದು ಒಂದು ಕಡೆ ಚಪ್ಪಟೆಯಾಗಿತ್ತು. ಪ್ರತಿ ಸುತ್ತಿಗೂ ಕಾರು ನಡುಗುವುದು ಹೆಚ್ಚುತ್ತ ಹೋಯಿತು. ನಿಂತರೆ ಗೆಲುವು ಹೋಗುತ್ತದೆ, ನಿಲ್ಲದಿದ್ದರೆ ಏನಾಗುವುದೋ ತಿಳಿಯದು. ಅವರೂ ಅವರ ತಂಡವೂ ನಿಲ್ಲದಿರಲು ತೀರ್ಮಾನಿಸಿದರು. ಕೊನೆಯ ಸುತ್ತಿನಲ್ಲಿ ಗಾಲಿಯ ಆಧಾರವೇ ಮುರಿದು ಕಾರು ದಾರಿ ಬಿಟ್ಟು ಸಿಡಿಯಿತು. ಅಲೋನ್ಸೊ ಗೆದ್ದರು. ರೈಕೊನೆನ್ ನಡೆದುಕೊಂಡು ಹೊರಬಂದರು, ಅದು ಅದೃಷ್ಟ. ಅವರು ಇನ್ನೊಂದು ಸುತ್ತು ದಾಟಿಬಿಟ್ಟಿದ್ದರೆ ಅದೇ ತೀರ್ಮಾನವನ್ನು ಧೈರ್ಯವೆಂದು ಹೊಗಳುತ್ತಿದ್ದೆವು. ಒಂದೇ ಕೆಲಸಕ್ಕೆ ಫಲ ನೋಡಿ ಹೆಸರಿಡುವುದು ನಮ್ಮ ಹಳೆಯ ಚಾಳಿ.

2011ರಿಂದ ಫಾರ್ಮುಲಾ ಒನ್‌ಗೆ ಟೈರು ಒದಗಿಸುತ್ತಿರುವುದು ಇಟಲಿಯ ಪಿರೆಲ್ಲಿ ಒಂದೇ. ಅದಕ್ಕೆ ಕೊಟ್ಟ ಕೆಲಸವೇ ವಿಚಿತ್ರವಾಗಿತ್ತು: ಹೆಚ್ಚು ಬಾಳುವ ಟೈರು ಬೇಡ, ಬೇಗ ಸವೆಯುವ ಟೈರು ಬೇಕು. ಸವೆದರೆ ಎಲ್ಲರೂ ನಿಂತು ಬದಲಿಸಬೇಕಾಗುತ್ತದೆ, ಯಾರು ಯಾವಾಗ ನಿಲ್ಲುತ್ತಾರೆಂಬ ಲೆಕ್ಕಾಚಾರ ಹುಟ್ಟುತ್ತದೆ, ನೋಡುವವರಿಗೆ ರಂಜನೆ. ಚೆನ್ನಾಗಿ ಮಾಡಬಲ್ಲವನಿಗೆ ಬೇಕೆಂದೇ ಕೆಡುವಂತೆ ಮಾಡು ಎನ್ನುವುದು ನೈತಿಕವೇ? ನಾವು ಕೊಳ್ಳುವ ಬಲ್ಬು, ಮಿಕ್ಸರು, ಮೊಬೈಲುಗಳು ಗ್ಯಾರಂಟಿ ಮುಗಿದ ಮಾರನೆಯ ದಿನ ಕೈಕೊಟ್ಟಾಗ ನಮಗೆ ಬರುವ ಅನುಮಾನವೇ ಇಲ್ಲೂ ಬರುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ರೇಸಿನಲ್ಲಿ ಟೈರು ಸವೆಯುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತು. ಎಲ್ಲರಿಗೂ ಒಂದೇ ಟೈರು. ಮುಚ್ಚುಮರೆಯಿಲ್ಲದ ದೌರ್ಬಲ್ಯ ಆಟದ ನಿಯಮವಾಗುತ್ತದೆ, ಮುಚ್ಚಿಟ್ಟ ದೌರ್ಬಲ್ಯ ಮೋಸವಾಗುತ್ತದೆ. ಮೋಸದ ಗುರುತು ದೌರ್ಬಲ್ಯದಲ್ಲಿಲ್ಲ, ಅದನ್ನು ಮುಚ್ಚಿಡುವುದರಲ್ಲಿದೆ.

ಈ ಸವೆಯುವ ಟೈರಿನಿಂದ ಚಾಲಕನ ಗುಣದ ವ್ಯಾಖ್ಯೆಯೇ ಬದಲಾಯಿತು. ಮೊದಲು ವೇಗವೇ ಗುಣವಾಗಿತ್ತು. ಈಗ ವೇಗವಾಗಿ ಹೋಗಬಲ್ಲವನು ಎಲ್ಲಿ ವೇಗ ತಗ್ಗಿಸುತ್ತಾನೆ ಎಂಬುದೇ ಗುಣ. ತಿರುವಿನಲ್ಲಿ ಸ್ವಲ್ಪ ಕೈ ಹಗುರ ಮಾಡಿ, ಬ್ರೇಕಿನ ಮೇಲೆ ಕಾಲು ಮೆದು ಮಾಡಿ, ಇವತ್ತು ಸಿಗುವ ಅರ್ಧ ಸೆಕೆಂಡನ್ನು ಬಿಟ್ಟುಕೊಟ್ಟು ನಾಳೆಯ ಐದು ಸೆಕೆಂಡು ಉಳಿಸುವವನು ಗೆಲ್ಲುತ್ತಾನೆ. ಇದನ್ನು ಅನೇಕರು ಬೈಯುತ್ತಾರೆ, ಪೂರ್ತಿ ಶಕ್ತಿಯಿಂದ ಓಡಿಸದ ರೇಸು ಯಾವ ರೇಸು ಎನ್ನುತ್ತಾರೆ. ಅವರ ಮಾತಿನಲ್ಲೂ ಸತ್ಯವಿದೆ. ಆದರೆ ಸಂಬಳವನ್ನು ತಿಂಗಳ ಕೊನೆಯವರೆಗೆ ಹಿಗ್ಗಿಸುವ ಗೃಹಿಣಿಗೆ, ಒಂದು ಮಳೆಯ ನೀರನ್ನು ಎರಡು ಬೆಳೆಗೆ ಹಂಚುವ ರೈತನಿಗೆ ಈ ವಿದ್ಯೆ ಪರಕೀಯವಲ್ಲ. ತಡೆದುಕೊಳ್ಳುವುದೂ ಒಂದು ಸಾಮರ್ಥ್ಯ.

ಅಪಾಯ ಬರುವುದು ಸವೆತಕ್ಕೂ ಸ್ಫೋಟಕ್ಕೂ ನಡುವಿನ ಗೆರೆ ಅಳಿಸಿಹೋದಾಗ. 2013ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಹ್ಯಾಮಿಲ್ಟನ್, ಮಾಸಾ, ವೆರ್ನ್, ಪೆರೆಸ್ ಹೀಗೆ ಒಬ್ಬರಾದ ಮೇಲೊಬ್ಬರ ಟೈರು ಪೂರ್ತಿ ವೇಗದಲ್ಲಿ ಹರಿದುಹೋದವು. ತಂಡಗಳು ಎಡದ ಟೈರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದ್ದವು, ಗಾಳಿಯ ಒತ್ತಡ ತಗ್ಗಿಸಿದ್ದವು ಎಂದು ಪಿರೆಲ್ಲಿ ಹೇಳಿತು. ಲಾಭಕ್ಕಾಗಿ ನಿಯಮದ ಅಂಚಿನವರೆಗೆ ಹೋದವರು, ಅಂಚು ಕುಸಿದಾಗ ಬೊಟ್ಟು ಮಾಡುವುದು ಅಂಚನ್ನು ಕಟ್ಟಿದವನ ಕಡೆಗೆ. ಆ ಮೇಲೆ ನಿಯಮಗಳು ಬಿಗಿಯಾದವು. 2023ರಲ್ಲಿ ಕತಾರ್‌ನಲ್ಲಿ ಒಂದು ಟೈರು 18 ಸುತ್ತಿಗಿಂತ ಹೆಚ್ಚು ಓಡಬಾರದೆಂದು ಕಟ್ಟುಪಾಡು ಬಂತು, 2025ರಲ್ಲಿ ಅಲ್ಲೇ 25 ಸುತ್ತಿನ ಮಿತಿ ಬಂತು. 57 ಸುತ್ತಿನ ಆ ಓಟದ ಏಳನೆಯ ಸುತ್ತಿನಲ್ಲಿ ಅಪಘಾತವಾಗಿ ಎಲ್ಲರೂ ನಿಧಾನಿಸಬೇಕಾಯಿತು. ಆಗ ನಿಂತು ಟೈರು ಬದಲಿಸಿದರೆ ಉಳಿದ 50 ಸುತ್ತು ಕರಾರುವಾಕ್ಕಾಗಿ ಎರಡು ಇಪ್ಪತ್ತೈದು. ಹೆಚ್ಚುಕಡಿಮೆ ಎಲ್ಲರೂ ನಿಂತರು. ಮುಂಚೂಣಿಯಲ್ಲಿದ್ದ ಮೆಕ್ಲಾರೆನ್ ತಂಡ ಮಾತ್ರ ತನ್ನ ಇಬ್ಬರನ್ನೂ ಓಡಲು ಬಿಟ್ಟಿತು. ಪಿಯಾಸ್ಟ್ರಿಗೆ ಸಿಗಬೇಕಿದ್ದ ಗೆಲುವು ವೆರ್‌ಸ್ಟಾಪನ್‌ಗೆ ಹೋಯಿತು. ಪಿಯಾಸ್ಟ್ರಿ ಅಂದು ಯಾವ ತಪ್ಪೂ ಮಾಡಿರಲಿಲ್ಲ. ಲೆಕ್ಕ ತಪ್ಪಿದ್ದು ಗೋಡೆಯಾಚೆ ಕುಳಿತವರದು.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಈ ಟೈರುಗಳು ತಂಡಗಳ ಸ್ವತ್ತಲ್ಲ. ಪಿರೆಲ್ಲಿ ಅವನ್ನು ತಂದುಕೊಡುತ್ತದೆ, ಓಟ ಮುಗಿದ ಮೇಲೆ ಸವೆದದ್ದನ್ನೂ ಸವೆಯದ್ದನ್ನೂ ವಾಪಸು ಒಯ್ಯುತ್ತದೆ. ಯಾವ ಟೈರು ಯಾವ ಚಾಲಕನ ಪಾಲಿಗೆ ಎಂಬುದೂ ಲೆಕ್ಕದಲ್ಲಿರುತ್ತದೆ. ಉರ್ದುವಿನಲ್ಲಿ ಇಂಥದ್ದಕ್ಕೆ ಅಮಾನತ್ ಎನ್ನುತ್ತಾರೆ, ಕಾಪಾಡಿ ಹಿಂದಿರುಗಿಸಲೆಂದು ನಂಬಿ ಕೊಟ್ಟ ವಸ್ತು. ಆ ಪದ ಕನ್ನಡಕ್ಕೆ ಬಂದು ಕಚೇರಿಯ ಲೆಕ್ಕಪತ್ರದಲ್ಲಿ ಠೇವಣಿಯಾಯಿತು, ಪತ್ರಿಕೆಗಳಲ್ಲಿ ಅಧಿಕಾರಿಯ ಅಮಾನತು ಆಯಿತು. ನಂಬಿಕೆಗೆ ಎರವಾದವನನ್ನು ಕೆಲಸದಿಂದ ದೂರ ಇಡುವುದಕ್ಕೆ ನಂಬಿಕೆಯದೇ ಪದ ಬಳಕೆಯಾಗುತ್ತಿದೆ.

2020ರ ಡಿಸೆಂಬರ್ 6ರಂದು ಬಹರೈನ್‌ನ ಸಖೀರ್‌ನಲ್ಲಿ ಈ ಅಮಾನತು ತಪ್ಪಿತು. ಕೋವಿಡ್ ತಗುಲಿದ್ದ ಹ್ಯಾಮಿಲ್ಟನ್ ಬದಲಿಗೆ ಮರ್ಸಿಡಿಸ್ ಕಾರು ಓಡಿಸುತ್ತಿದ್ದ ತರುಣ ಜಾರ್ಜ್ ರಸೆಲ್ ಎಲ್ಲರಿಗಿಂತ ಮುಂದಿದ್ದರು. ಟೈರು ಬದಲಿಸುವ ಗಡಿಬಿಡಿಯಲ್ಲಿ ತಂಡದವರು ಅವರಿಗೆ ಬೊಟ್ಟಾಸ್ ಪಾಲಿನ ಮುಂದಿನ ಟೈರುಗಳನ್ನು ಹಾಕಿಬಿಟ್ಟರು. ಮತ್ತೆ ನಿಂತು ಬದಲಿಸಬೇಕಾಯಿತು, ಆಮೇಲೆ ಗಾಳಿಯೂ ಹೋಯಿತು. ತಂಡಕ್ಕೆ ಇಪ್ಪತ್ತು ಸಾವಿರ ಯೂರೋ ದಂಡ ಬಿತ್ತು. ಗೆದ್ದವರು ಮೊದಲ ಸುತ್ತಿನಲ್ಲೇ ಡಿಕ್ಕಿಯಾಗಿ ಕೊನೆಯ ಸ್ಥಾನಕ್ಕೆ ಬಿದ್ದಿದ್ದ, ಟೈರು ಉಳಿಸುವುದರಲ್ಲಿ ಪಳಗಿದ ಮೆಕ್ಸಿಕೋದ ಸರ್ಜಿಯೋ ಪೆರೆಸ್. ರೇಸಿಂಗ್ ಪಾಯಿಂಟ್ ಎಂಬ ಅವರ ತಂಡಕ್ಕೆ ಅದು ಮೊದಲ ಗೆಲುವು. ಆದರೆ ಆ ಹೊತ್ತಿಗಾಗಲೇ ಮುಂದಿನ ವರ್ಷಕ್ಕೆ ನೀವು ಬೇಡವೆಂದು ತಂಡ ಅವರಿಗೆ ಹೇಳಿಯಾಗಿತ್ತು.

ಈ ತಂಡ ಯಾವುದು? 2005ರಲ್ಲಿ ಕಾರ್ತಿಕೇಯನ್ ಓಡಿಸಿದ ಅದೇ ಜೋರ್ಡನ್. ಸಿಲ್ವರ್‌ಸ್ಟೋನ್ ಬಳಿಯ ಅದೇ ಕಾರ್ಖಾನೆ. ಐರ್ಲೆಂಡಿನ ಎಡ್ಡಿ ಜೋರ್ಡನ್ ಕಟ್ಟಿ 1991ರಲ್ಲಿ ಕಣಕ್ಕಿಳಿಸಿದ ತಂಡವನ್ನು 2005ರ ಆರಂಭದಲ್ಲಿ ಮಿಡ್‌ಲ್ಯಾಂಡ್ ಕೊಂಡಿತು, 2006ರಲ್ಲಿ ಸ್ಪೈಕರ್ ಕೊಂಡಿತು, 2007ರಲ್ಲಿ ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಪಾಲುದಾರರೊಂದಿಗೆ ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. 2018ರಲ್ಲಿ ಅದು ರೇಸಿಂಗ್ ಪಾಯಿಂಟ್ ಆಯಿತು, 2021ರಲ್ಲಿ ಆಸ್ಟನ್ ಮಾರ್ಟಿನ್. ಹೆಸರು, ಬಣ್ಣ, ಬಾವುಟ ಬದಲಾಗುತ್ತ ಹೋದವು. ಬೆಳಿಗ್ಗೆ ಬಂದು ಬಾಗಿಲು ತೆರೆದು ಸ್ಪ್ಯಾನರ್ ಹಿಡಿಯುವ ಕೈಗಳಲ್ಲಿ ಎಷ್ಟೋ ಅವೇ ಉಳಿದವು.

ಮಲ್ಯರ ಕಾಲವನ್ನು ಕನ್ನಡಿಗರು ಮರೆಯುವಂತಿಲ್ಲ. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಆ ತಂಡದ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನಿಂದ ಹೊರಟು ಎರಡನೆಯವರಾದಾಗ ನಮ್ಮಲ್ಲೂ ಸಂಭ್ರಮವಿತ್ತು. ಆದರೆ 2012ರ ಅಕ್ಟೋಬರ್‌ನಲ್ಲಿ ಅವರ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದವು. ಪೈಲಟ್‌ಗಳು, ಎಂಜಿನಿಯರುಗಳು, ನೆಲದ ಕೆಲಸಗಾರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಯಲ್ಲಿ ನಿಂತರು. ಅದೇ ಅಕ್ಟೋಬರ್ ಕೊನೆಗೆ ಗ್ರೇಟರ್ ನೋಯ್ಡಾದ ಟ್ರ್ಯಾಕಿನಲ್ಲಿ ಅವರ ರೇಸು ಕಾರುಗಳು ಓಡಿದವು. ತಂಡದಲ್ಲಿ ಪಾಲು ಕೊಂಡಿದ್ದ ಸಹಾರಾದ ಸುಬ್ರತಾ ರಾಯ್ 2014ರ ಮಾರ್ಚ್‌ನಲ್ಲಿ ಜೈಲು ಸೇರಿದರು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಬ್ಯಾಂಕುಗಳಿಗೆ ಅವರೆಷ್ಟು ಕೊಡಬೇಕು, ಎಷ್ಟು ವಸೂಲಾಯಿತು ಎಂಬುದು ನ್ಯಾಯಾಲಯಗಳ ವಿಚಾರ, ಅಲ್ಲಿಗೇ ಬಿಡೋಣ. ನನ್ನನ್ನು ಕಾಡುವುದು ಬೇರೆ. ಮಾಲೀಕರಿಬ್ಬರೂ ಮುಳುಗುತ್ತಿದ್ದ 2016 ಮತ್ತು 2017ರಲ್ಲೇ ಆ ತಂಡ ತನಗಿಂತ ಎಷ್ಟೋ ಶ್ರೀಮಂತ ತಂಡಗಳನ್ನು ಹಿಂದಿಕ್ಕಿ ಒಟ್ಟಾರೆ ನಾಲ್ಕನೆಯ ಸ್ಥಾನಕ್ಕೆ ಬಂತು. ತಲೆ ಅಲ್ಲಾಡುತ್ತಿದ್ದಾಗಲೂ ಕೈಗಳು ನಡುಗಲಿಲ್ಲ.

2018ರ ಜುಲೈನಲ್ಲಿ ತಂಡ ದಿವಾಳಿಯ ಅಂಚಿಗೆ ಬಂತು. ತಮಗೂ ಬಾಕಿ ಬರಬೇಕಿದ್ದ ಪೆರೆಸ್ ಲಂಡನ್ನಿನ ನ್ಯಾಯಾಲಯದ ಮೊರೆಹೋಗಿ ತಂಡವನ್ನು ಆಡಳಿತಾಧಿಕಾರಿಗಳ ವಶಕ್ಕೆ ಕೊಡಿಸಿದರು. ಮುಚ್ಚಿಹೋಗುವುದನ್ನು ತಪ್ಪಿಸಿ ನಾನೂರು ಮಂದಿಯ ಕೆಲಸ ಉಳಿಸಲು ಹೀಗೆ ಮಾಡಿದೆ ಎಂದರು. ಕೆನಡಾದ ಶ್ರೀಮಂತ ಲಾರೆನ್ಸ್ ಸ್ಟ್ರೋಲ್ ಮತ್ತು ಜೊತೆಗಾರರು ಕೊಂಡರು. ಕೆಲಸಗಳು ಉಳಿದವು. ಕಾನೂನಿನ ಪ್ರಕಾರ ಅದು ಹೊಸ ತಂಡವಾದ್ದರಿಂದ ಆವರೆಗೆ ಗಳಿಸಿದ್ದ 59 ಅಂಕಗಳು ಅಳಿದುಹೋದವು. ಅಂಕ ಗಳಿಸಿದ ಕೈಗಳು ಅಲ್ಲೇ ಇದ್ದವು, ಗಳಿಕೆ ಮಾತ್ರ ಹಳೆಯ ಮಾಲೀಕನ ಹೆಸರಿನೊಂದಿಗೆ ಹೋಯಿತು. ಮುಂದಿನ ವರ್ಷ ಎಸ್ಟೆಬಾನ್ ಒಕೊನ್ ಎಂಬ ಪ್ರತಿಭಾವಂತನ ಜಾಗದಲ್ಲಿ ಮಾಲೀಕರ ಮಗ ಲ್ಯಾನ್ಸ್ ಸ್ಟ್ರೋಲ್ ಬಂದು ಕೂತರು. ಒಂದೇ ಕೈ ನಾನೂರು ಮನೆಗಳ ಒಲೆ ಉರಿಯುವಂತೆ ನೋಡಿಕೊಂಡಿತು, ತನ್ನ ಮಗನಿಗೆ ಜಾಗವನ್ನೂ ಮಾಡಿಕೊಟ್ಟಿತು. ಅವರನ್ನು ದೇವರೆನ್ನುವವರೂ ಖಳನೆನ್ನುವವರೂ ಅರ್ಧ ಕತೆ ಮಾತ್ರ ಹೇಳುತ್ತಿದ್ದಾರೆ.

ಒಡೆತನದ ಪ್ರಶ್ನೆ ಇನ್ನೂ ಸೂಕ್ಷ್ಮವಾದ ರೂಪಗಳನ್ನು ತಾಳುತ್ತದೆ. 1985ರಿಂದ 2005ರವರೆಗೆ 21 ವರ್ಷ ಓಡಿ ಒಟ್ಟು 38 ಅಂಕ ಗಳಿಸಿದ ಇಟಲಿಯ ಬಡ ತಂಡ ಮಿನಾರ್ಡಿ. ಅದನ್ನು ಕೊಂಡದ್ದು ಪಾನೀಯದ ಕಂಪನಿ ರೆಡ್ ಬುಲ್. ಅಲ್ಲಿಂದೀಚೆಗೆ ರೆಡ್ ಬುಲ್‌ಗೆ ಎರಡು ತಂಡ. 2024ರಲ್ಲಿ ಸಿಂಗಪುರದ ಓಟ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಚಿಕ್ಕ ತಂಡದ ಡ್ಯಾನಿಯಲ್ ರಿಕಿಯಾರ್ಡೊಗೆ ಹೊಸ ಮೆತ್ತನೆಯ ಟೈರು ಹಾಕಿ ಕಳಿಸಿದರು. ಆತ ಅತಿ ವೇಗದ ಸುತ್ತು ಹೊಡೆದು, ಓಟ ಗೆದ್ದ ನಾರಿಸ್‌ಗೆ ಸಿಗಬೇಕಿದ್ದ ಒಂದು ಹೆಚ್ಚುವರಿ ಅಂಕವನ್ನು ಕಸಿದರು. ನಾರಿಸ್ ಪೈಪೋಟಿಯಿದ್ದದ್ದು ದೊಡ್ಡ ತಂಡದ ವೆರ್‌ಸ್ಟಾಪನ್ ಜೊತೆ. ನಿಯಮ ಮುರಿಯಲಿಲ್ಲ. ಆದರೆ ನಾಲ್ಕು ಟೈರು ಒಬ್ಬರ ಕಾರಿನಲ್ಲಿ ಸವೆದು ಇನ್ನೊಬ್ಬರಿಗೆ ಲಾಭ ತಂದವೆಂಬ ಅನುಮಾನ ಉಳಿಯಿತು. ಆ ಹೆಚ್ಚುವರಿ ಅಂಕವನ್ನು 2025ರಿಂದ ತೆಗೆದುಹಾಕಲಾಯಿತು. ಒಬ್ಬನೇ ಯಜಮಾನನ ಎರಡು ಮಳಿಗೆಗಳು ಪರಸ್ಪರ ಪೈಪೋಟಿ ಮಾಡುತ್ತವೆಂದು ನಂಬಲು ಗಿರಾಕಿಗೆ ಕಷ್ಟ.

ಅದೇ ಹೊತ್ತಿನಲ್ಲಿ ಮೆಕ್ಲಾರೆನ್ ತನ್ನೊಳಗೆ ನ್ಯಾಯ ಹಂಚಲು ಹೆಣಗುತ್ತಿತ್ತು. 2024ರಲ್ಲಿ ಹಂಗೇರಿಯಲ್ಲಿ ಮುಂದಿದ್ದದ್ದು ಪಿಯಾಸ್ಟ್ರಿ. ತಂಡ ನಾರಿಸ್‌ಗೆ ಮೊದಲು ಹೊಸ ಟೈರು ಕೊಟ್ಟಿತು, ಹೊಸ ಟೈರಿನ ಬಲದಿಂದ ಅವರು ಮುಂದಾದರು. ಜಾಗ ಹಿಂದಿರುಗಿಸೆಂದು ರೇಡಿಯೋದಲ್ಲಿ ಬೇಡಿಕೊಂಡರು, ಅವರು ಬಹಳ ಹೊತ್ತು ತಡೆದು ಕೊನೆಗೆ ಬಿಟ್ಟುಕೊಟ್ಟರು. 2025ರಲ್ಲಿ ಮೊಂಜಾದಲ್ಲಿ ನಾರಿಸ್‌ಗೆ ಟೈರು ಹಾಕುವುದು ತಡವಾಗಿ ಪಿಯಾಸ್ಟ್ರಿ ಮುಂದಾದಾಗ ಅವರಿಂದ ಜಾಗ ವಾಪಸು ಕೊಡಿಸಿದರು. ಮೊದಲ ಬಾರಿ ತಂಡ ತಾನೇ ಮಾಡಿದ ಅನ್ಯಾಯವನ್ನು ಸರಿಪಡಿಸಿತು. ಎರಡನೆಯ ಬಾರಿ ಸರಿಪಡಿಸಿದ್ದು ಒಂದು ಆಕಸ್ಮಿಕವನ್ನು. ಕೈ ತಪ್ಪುವುದೂ ಆಟದ ಭಾಗವೇ ಅಲ್ಲವೇ ಎಂದು ಪಿಯಾಸ್ಟ್ರಿ ಕೇಳಿದ್ದರಲ್ಲಿ ಹುರುಳಿತ್ತು. ಅನ್ಯಾಯವನ್ನು ಸರಿಪಡಿಸಲೇಬೇಕು, ದುರದೃಷ್ಟವನ್ನೂ ಸರಿಪಡಿಸಬೇಕೇ? ಹಾಗೆ ಹೊರಟರೆ ಎಲ್ಲಿ ನಿಲ್ಲುವುದು? ಆ ವರ್ಷ ನಾರಿಸ್ ಎರಡೇ ಅಂಕದ ಅಂತರದಲ್ಲಿ ಚಾಂಪಿಯನ್ ಆದರು. ಅಷ್ಟು ಕಡಿಮೆ ಅಂತರದಲ್ಲಿ ಯಾವ ಅಂಕ ಯಾರ ಪುಣ್ಯವೆಂದು ಹೇಳುವವರಾರು?

ಆ ಮೆಕ್ಲಾರೆನ್ ಈಗ ಬಹರೈನಿನ ಸರಕಾರಿ ನಿಧಿ ಮುಮ್ತಲಕಾತ್ ಮತ್ತು ಅಬುಧಾಬಿಯ ಒಂದು ಹೂಡಿಕೆ ಸಂಸ್ಥೆಯ ಕೈಯಲ್ಲಿದೆ. 2025ರ ವ್ಯವಹಾರದಲ್ಲಿ ಅದರ ಬೆಲೆ ಮುನ್ನೂರು ಕೋಟಿ ಪೌಂಡಿಗೂ ಹೆಚ್ಚೆಂದು ಲೆಕ್ಕ ಹಾಕಲಾಯಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಬಹರೈನ್, ಅಬುಧಾಬಿ, ದೋಹಾ, ಜಿದ್ದಾ ಎಂದರೆ ತಿಂಗಳ ಹಣ ಬರುವ ಊರುಗಳು. ಈ ನಾಲ್ಕು ಊರುಗಳಲ್ಲೂ ಇಂದು ರೇಸು ನಡೆಯುತ್ತದೆ. ಹಿಂದೆ ತಂಬಾಕಿನ ಕಂಪನಿಗಳ ಬಣ್ಣ ಬಳಿದುಕೊಂಡು ಓಡಿದ ಕಾರುಗಳು ಕೊಲ್ಲಿಯ ಹಣದಿಂದ ಓಡಿದ ತಕ್ಷಣ ಮಾತ್ರ ನೈತಿಕತೆಯ ಪ್ರಶ್ನೆ ಏಳುವುದು ನ್ಯಾಯವಲ್ಲ. ಹಾಗೆಂದು ಪ್ರಶ್ನೆಯೇ ಬೇಡವೆನ್ನುವುದೂ ನ್ಯಾಯವಲ್ಲ. ದೇಶವೇ ಮಾಲೀಕನಾದಾಗ ಗೆಲುವಿನಲ್ಲಿ ಆ ದೇಶದ ಸಾಮಾನ್ಯನಿಗೆ, ಅಲ್ಲಿ ಬಿಸಿಲಲ್ಲಿ ನಿಂತು ರಸ್ತೆ ಕಟ್ಟಿದ ಪರದೇಶಿಗೆ ಯಾವ ಪಾಲಿದೆ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ನಮಗಿದೆ. ನಮ್ಮವರೇ ಅಲ್ಲಿದ್ದಾರೆ.

ಮಾಲೀಕರ ಪರವಾಗಿಯೂ ಒಂದು ಮಾತು ಹೇಳಬೇಕು. ಹಣ ಹಾಕುವವನಿಲ್ಲದೆ ತಂಡವಿಲ್ಲ, ತಂಡವಿಲ್ಲದೆ ಆ ನಾನೂರು ಕೆಲಸಗಳೂ ಇಲ್ಲ. ಎಷ್ಟೋ ಮಾಲೀಕರು ತಮ್ಮ ಮನೆಮಠ ಕಳೆದುಕೊಂಡಿದ್ದಾರೆ. ಅಪಾಯ ಹೊತ್ತವನಿಗೆ ಫಲವೂ ಸಲ್ಲಬೇಕು ಎಂಬುದು ಗಟ್ಟಿ ವಾದವೇ. ಆದರೆ ಅಪಾಯವನ್ನು ನಿಜಕ್ಕೂ ಯಾರು ಹೊರುತ್ತಾರೆಂದು ನೋಡಿ. 2008ರ ಡಿಸೆಂಬರ್‌ನಲ್ಲಿ ಹೋಂಡಾ ತನ್ನ ತಂಡವನ್ನು ಬಿಟ್ಟುಹೋಯಿತು. ಅದನ್ನು ರಾಸ್ ಬ್ರಾನ್ ಒಂದು ಪೌಂಡಿಗೆ ಪಡೆದರು, 2009ರಲ್ಲಿ ಅದು ಎರಡೂ ಪ್ರಶಸ್ತಿ ಗೆದ್ದಿತು, ವರ್ಷ ಮುಗಿಯುವುದರೊಳಗೆ ಮರ್ಸಿಡಿಸ್ ಅದನ್ನು ಕೊಂಡಿತು. ಆ ಅದ್ಭುತ ಕತೆಯ ಮೊದಲ ಪುಟದಲ್ಲೇ ನೂರಾರು ನೌಕರರು ಕೆಲಸ ಕಳೆದುಕೊಂಡರು. ಗೆದ್ದ ಕಾರನ್ನು ರೂಪಿಸಿದವರಲ್ಲಿ ಅವರೂ ಇದ್ದರು. 2021ರಲ್ಲಿ ತಂಡಗಳ ಖರ್ಚಿಗೆ 14.5 ಕೋಟಿ ಡಾಲರಿನ ಮಿತಿ ಬಂತು, ಒಳ್ಳೆಯದೇ. ಆದರೆ ಸಾಮಾನ್ಯ ಕೆಲಸಗಾರನ ಸಂಬಳ ಆ ಮಿತಿಯ ಒಳಗೆ, ಚಾಲಕರ ಮತ್ತು ಅತಿ ಹೆಚ್ಚು ಪಡೆಯುವ ಮೂವರ ಸಂಬಳ ಮಿತಿಯ ಹೊರಗೆ. ಬಿಗಿ ಮಾಡುವಾಗ ಯಾವ ಹಗ್ಗ ಬಿಗಿಯಾಗುತ್ತದೆಂದು ಬೇರೆ ಹೇಳಬೇಕೇ?

ಕತೆ ಬರೆಯುವವರಿಗೆ ಒಂದು ಅಭ್ಯಾಸವಿರುತ್ತದೆ, ಚಿತ್ರದ ಅಂಚಿನಲ್ಲಿ ನಿಂತವರ ಮುಖ ನೋಡುವುದು. ಗೆದ್ದವರ ಫೋಟೋದಲ್ಲಿ ಚಾಲಕನಿರುತ್ತಾನೆ, ಮಾಲೀಕನಿರುತ್ತಾನೆ, ಪ್ರಾಯೋಜಕರ ಹೆಸರಿರುತ್ತದೆ. ಎರಡು ಸೆಕೆಂಡಿನ ಆಸುಪಾಸಿನಲ್ಲಿ ನಾಲ್ಕು ಗಾಲಿ ಬಿಚ್ಚಿ ನಾಲ್ಕು ಗಾಲಿ ತೊಡಿಸಿದ ಇಪ್ಪತ್ತು ಮಂದಿ ಹೆಲ್ಮೆಟ್ಟಿನೊಳಗೆ ಇರುತ್ತಾರೆ. ಅವರ ಕೈ ಒಮ್ಮೆ ತಪ್ಪಿದರೆ ಜಗತ್ತೆಲ್ಲ ನೋಡುತ್ತದೆ, ನೂರು ಸಲ ಸರಿಯಾದರೆ ಯಾರೂ ನೋಡುವುದಿಲ್ಲ. ಕೀರ್ತಿ ಮೇಲಕ್ಕೆ ಏರುತ್ತದೆ, ಸವೆತ ಕೆಳಕ್ಕೆ ಇಳಿಯುತ್ತದೆ. ರೇಸಿನಲ್ಲಿ ಮಾತ್ರ ಹೀಗೆಂದು ನಾನು ಹೇಳುತ್ತಿಲ್ಲ.

ಹಾಗಾದರೆ ಗೆಲುವು ಯಾರದೂ ಅಲ್ಲ, ಎಲ್ಲವೂ ಟೈರು, ಹಣ, ಅದೃಷ್ಟ ಎಂದುಬಿಡೋಣವೇ? ಅದೂ ಸೋಮಾರಿ ಉತ್ತರ. ಪೆರೆಸ್ ಕೊನೆಯಿಂದ ಮೊದಲಿಗೆ ಬಂದದ್ದರಲ್ಲಿ ಮರ್ಸಿಡಿಸ್‌ನ ತಪ್ಪಿಗೂ ಪಾಲಿದೆ, ಆದರೆ ಆ ತಪ್ಪು ಒದಗಿ ಬಂದಾಗ ಕೈಚಾಚಿ ಪಡೆಯುವಷ್ಟು ಹತ್ತಿರದಲ್ಲಿ ಇದ್ದದ್ದು ಅವರ ಸ್ವಂತ ದುಡಿಮೆ. ಶ್ರಮಕ್ಕೆ ಫಲ ಖಾತ್ರಿಯಿಲ್ಲ, ಫಲಕ್ಕೆ ಶ್ರಮವೊಂದೇ ಕಾರಣವೂ ಅಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ. ಒಂದನ್ನು ಬಿಟ್ಟರೆ ಮನುಷ್ಯ ಕೈಕಟ್ಟಿ ಕೂರುತ್ತಾನೆ, ಇನ್ನೊಂದನ್ನು ಬಿಟ್ಟರೆ ಗರ್ವಿಯಾಗುತ್ತಾನೆ, ಸೋತವನನ್ನು ಅಯೋಗ್ಯನೆನ್ನುತ್ತಾನೆ. ನಮ್ಮ ಕಾಲದ ರೋಗ ಎರಡನೆಯದು. ಒಳ್ಳೆಯ ಶಾಲೆ, ಓದಿದ ತಂದೆತಾಯಿ, ಬಾಡಿಗೆ ಕೇಳದ ಮನೆ, ಕಟ್ಟಿದ ಶುಲ್ಕ ಇವೆಲ್ಲ ಗಾಲಿಗೆ ತೊಡಿಸಿದ ಟೈರುಗಳೆಂದು ಮರೆತು, ಮುಂದೆ ಬಂದದ್ದೆಲ್ಲ ನನ್ನ ಪ್ರತಿಭೆಯೆಂದು ಎದೆ ತಟ್ಟಿಕೊಳ್ಳುವವರು ಹೆಚ್ಚುತ್ತಿದ್ದಾರೆ.

ಗೆಲುವನ್ನು ಸ್ವತ್ತು ಎಂದುಕೊಳ್ಳುವ ಬದಲು ಅಮಾನತು ಎಂದುಕೊಂಡರೆ ಕೆಲವು ಪ್ರಶ್ನೆಗಳು ತಾವಾಗಿ ಏಳುತ್ತವೆ. ಇದನ್ನು ನನ್ನ ಕೈಗೆ ತಲುಪಿಸಿದವರು ಯಾರು? ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ? ನಾಳೆ ಕಷ್ಟ ಬಂದರೆ ಮೊದಲ ಏಟು ನನಗೆ ಬೀಳುತ್ತದೆಯೋ ಅವರಿಗೋ? ಮಾಲೀಕನನ್ನು ಅಳೆಯಲು ಇದಕ್ಕಿಂತ ಬೇರೆ ಮಾಪನ ಬೇಕಿಲ್ಲ. ಸಂಬಳ ನಿಂತ ತಿಂಗಳು ಮಾಲೀಕನ ಮನೆಯಲ್ಲಿ ಏನು ನಿಂತಿತು ಎಂದು ಕೇಳಿದರೆ ಸಾಕು. ಸರಕಾರವಾಗಲಿ, ಸಂಘವಾಗಲಿ, ಜಮಾತಾಗಲಿ, ಮಠವಾಗಲಿ, ಯಾರು ಯಜಮಾನರೋ ಅವರಿಗೆಲ್ಲ ಇದೇ ಪ್ರಶ್ನೆ.

ಕಾರ್ತಿಕೇಯನ್‌ರ ಐದು ಅಂಕ ಅವರದೇ. ಅಂದು ಅವರ ಕಾರಿಗೆ ಸರಿಯಾದ ಟೈರು ಬಂದದ್ದು ಅವರ ಸಾಧನೆಯಲ್ಲ, ಅದನ್ನು ಸರಿಯಾಗಿ ಮನೆ ಮುಟ್ಟಿಸಿದ್ದು ಅವರ ಸಾಧನೆ. ಇಷ್ಟನ್ನೇ ಇಷ್ಟಾಗಿ ಹೇಳಿದರೆ ಅವರ ಗೌರವವೇನೂ ತಗ್ಗುವುದಿಲ್ಲ. ನಮ್ಮ ನಮ್ಮ ಗಳಿಕೆಗಳ ಬಗ್ಗೆಯೂ ಹೀಗೆ ಲೆಕ್ಕ ಬಿಡಿಸಿ ಹೇಳಲು ಕಲಿತರೆ, ಗ್ಯಾರೇಜಿಗೆ ತಿರುಗಿಹೋದ ಹದಿನಾಲ್ವರನ್ನು ನೋಡುವ ನಮ್ಮ ಕಣ್ಣೂ ಬದಲಾದೀತು.